ಆಯ್ತಪ್ಪ ಯೋಚಿಸುತ್ತಿದ್ದಾನೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡೇ ಅಕ್ಷರದ ಒಂದು ಮಾತು. "ಆಯ್ತು." ನೀವೂ ಹೇಳುತ್ತೀರಿ, ನಾನೂ ಹೇಳುತ್ತೇನೆ, ಆದರೆ ಎದುರಿನವರ ಮಾತು ಕೇಳಿಸಿಕೊಂಡ ಮೇಲೆ ಹೇಳುತ್ತೇವೆ. ಈ ಕಥೆಯ ನಾಯಕ ಅರ್ಧವನ್ನೂ ಕೇಳಿಸಿಕೊಳ್ಳದೆ ಹೇಳಿಬಿಡುತ್ತಿದ್ದ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲೋ ಮೂಲೆಗೆ ಬಿದ್ದು, ಅವನಿದ್ದ ಕಟ್ಟಡದವರ ಬಾಯಲ್ಲೂ ಅವನು ಕೆಲಸ ಮಾಡುವ ಅಂಗಡಿಯವರ ಬಾಯಲ್ಲೂ ಅವನು ಆಯ್ತಪ್ಪನಾಗಿ ಹೋಗಿದ್ದ. ಹಾಗೆ ಕರೆದರೆ ಓಗೊಡುತ್ತಲೂ ಇದ್ದ. ಈ ಹೆಸರು ಇಡಲೇ ಎಂದು ಯಾರೋ ಕೇಳಿದಾಗಲೂ ಆಯ್ತು ಅಂದಿರಬೇಕು.

ಅವನು ಕೆಟ್ಟವನಲ್ಲ, ದಡ್ಡನೂ ಅಲ್ಲ. ಯಾರಾದರೂ ಮಾತಾಡಲು ಶುರುಮಾಡಿದರೆ ಮೊದಲ ಒಂದೆರಡು ವಾಕ್ಯ ಚೆನ್ನಾಗಿಯೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಅವರ ಅಂಗಿಯ ಸಡಿಲ ಗುಂಡಿ ಕಣ್ಣಿಗೆ ಬೀಳುತ್ತಿತ್ತು. ಗುಂಡಿಯಿಂದ ದಾರ, ದಾರದಿಂದ ಗಾಳಿಪಟ, ಗಾಳಿಪಟದಿಂದ ಬಾಲ್ಯದಲ್ಲಿ ಬಿದ್ದು ಮುರಿದುಕೊಂಡ ಮೊಣಕೈ. ಅಲ್ಲಿಂದ ಮನಸ್ಸು ವಾಪಸು ಬರುವ ಹೊತ್ತಿಗೆ ಎದುರಿನವರು ಮಾತು ಮುಗಿಸಿ, ಹುಬ್ಬೇರಿಸಿ, ಉತ್ತರಕ್ಕಾಗಿ ಕಾಯುತ್ತಿರುತ್ತಿದ್ದರು. "ಏನಂದ್ರಿ?" ಎಂದು ಕೇಳಬಹುದಿತ್ತು. ಆದರೆ ಆ ಪ್ರಶ್ನೆ ಕೇಳಿ ಕೇಳಿ ಚಿಕ್ಕಂದಿನಿಂದ ಬೈಸಿಕೊಂಡವನು ಅವನು. ಆಯ್ತು ಅಂದರೆ ಎದುರಿನ ಮುಖ ಅರಳುತ್ತಿತ್ತು. ಆ ಅರಳಿದ ಮುಖವನ್ನು ನಂಬಿ ಏನನ್ನು ಒಪ್ಪಿಕೊಂಡೆ ಅನ್ನುವುದೇ ತಿಳಿಯದೆ ಒಪ್ಪಿಕೊಂಡು, ಆಮೇಲೆ ಅರ್ಧ ಮರೆತು, ಇನ್ನರ್ಧ ಕೆಡಿಸಿ ಇಡುತ್ತಿದ್ದ. ಅವನ ಆಯ್ತು ಎಲ್ಲರಿಗೂ ಬೇಕಿತ್ತು. ಅವನ ಮೇಲೆ ನಂಬಿಕೆ ಮಾತ್ರ ಯಾರಿಗೂ ಇರಲಿಲ್ಲ.

ಕೊನೆಗೆ ಹೆಂಡತಿಯೇ ಅವನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋಗಿದ್ದಳು. ಡಾಕ್ಟರು ಎಲ್ಲ ವಿಚಾರಿಸಿ, ಇದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಎಂದರು.

"ಅದು ಮಕ್ಕಳಿಗೆ ಇರೋದಲ್ವಾ ಡಾಕ್ಟ್ರೇ?" ಎಂದಳು ಹೆಂಡತಿ.

"ಆ ಮಕ್ಕಳೇ ತಾನೇ ಅಮ್ಮಾ ದೊಡ್ಡೋರಾಗೋದು?" ಎಂದು ನಕ್ಕು, ಮಾತ್ರೆ ಬರೆದುಕೊಟ್ಟು, ಅದರ ಜೊತೆಗೆ ಒಂದು ಮಾತನ್ನೂ ಬಾಯಿಪಾಠ ಮಾಡಿಸಿದರು. ಯಾರು ಏನೇ ಕೇಳಲಿ, ಮೊದಲು "ಯೋಚಿಸಿ ಹೇಳ್ತೀನಿ" ಅನ್ನಬೇಕು. ಆಮೇಲೆ ನಿಜವಾಗಿಯೂ ಯೋಚಿಸಬೇಕು.

ಆ ಶನಿವಾರ ಬೆಳಗ್ಗೆ ಹಾಸಿಗೆಯ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಮರುದಿನ ನಸುಕಿಗೆ ಬಸ್ಸು. ಸಮುದ್ರ ನೋಡಲು. ಹೆಂಡತಿ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಹಿಂದೊಮ್ಮೆ ಹೊರಟಿದ್ದರು, ಪಕ್ಕದ ಮನೆ ಆಂಟಿಯ ಗಿಳಿ ನೋಡಿಕೊಳ್ಳಲು ಆಯ್ತು ಅಂದಿದ್ದು ಆಯ್ತಪ್ಪನಿಗೆ ಬಸ್‌ಸ್ಟ್ಯಾಂಡಿನಲ್ಲಿ ನೆನಪಾಯಿತು. ಇನ್ನೊಮ್ಮೆ ಹೊರಟಾಗ ಅದೇ ಕಟ್ಟಡದ ಮೇಷ್ಟ್ರ ಸೋಫಾ ಇಳಿಸಿಕೊಡಲು ಆಯ್ತು ಅಂದಿದ್ದು ಸೊಂಟ ಹಿಡಿದುಕೊಂಡ ಮೇಲೆ ಅವನಿಗೆ ಚೆನ್ನಾಗಿ ನೆನಪಿನಲ್ಲಿ ಉಳಿಯಿತು.

"ರೀ, ಇಲ್ಲಿ ನೋಡಿ. ನನ್ನ ಮುಖ. ಕಿಟಕಿ ಅಲ್ಲ," ಎಂದಳು ಹೆಂಡತಿ. ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಸೂಜಿ ಚುಚ್ಚುವ ಮೊದಲು ಬರುವ ಮೆತ್ತನೆಯ ದನಿ ಅವಳಿಗಿತ್ತು. "ಇವತ್ತೊಂದು ದಿನ. ಯಾರು ಏನು ಕೇಳಿದ್ರೂ ಆಯ್ತು ಅನ್ಬೇಡಿ. ಡಾಕ್ಟ್ರು ಹೇಳ್ಕೊಟ್ಟಿದ್ದು ಹೇಳಿ, ಅಷ್ಟೆ."

"ಆಯ್ತು."

ಅವಳು ಮಡಿಸುತ್ತಿದ್ದ ಸೀರೆಯನ್ನು ಸೂಟ್‌ಕೇಸಿನಲ್ಲಿ ಇಟ್ಟಳು.

"ನನಗೆ ಅಂದಿದ್ದು ಲೆಕ್ಕಕ್ಕಿಲ್ಲ, ಬಿಡಿ. ಈ ಸಲವೂ ತಪ್ಪಿದ್ರೆ ನಾನು ಜಗಳ ಆಡಲ್ಲ. ಇನ್ನು ಮೇಲೆ ಎಲ್ಲಿಗಾದ್ರೂ ಹೋಗೋಣ್ವಾ ಅಂತ ನಿಮ್ಮನ್ನ ಕೇಳೋದೂ ಇಲ್ಲ. ಸಾಕಾಗಿದೆ ನನಗೆ."

ಜಗಳ ಆಡಿದ್ದರೆ ಆಯ್ತಪ್ಪ ಹೆದರುತ್ತಿರಲಿಲ್ಲ, ಅಭ್ಯಾಸವಿತ್ತು. ಆದರೆ ಆ 'ಸಾಕಾಗಿದೆ'ಯಲ್ಲಿ ಸಿಟ್ಟೇ ಇರಲಿಲ್ಲ. ದಿನವೆಲ್ಲ ನಿಂತು ಮನೆಗೆ ಬಂದವರು ಚಪ್ಪಲಿ ಕಳಚುವ ಹಾಗೆ ಅವಳು ಆ ಮಾತನ್ನು ಕಳಚಿ ಇಟ್ಟಿದ್ದಳು. ಅದಕ್ಕೆ ಅವನು ನಿಜಕ್ಕೂ ಹೆದರಿದ.

ಬಾಗಿಲು ದಾಟುತ್ತಿದ್ದ ಹಾಗೆಯೇ ಪಕ್ಕದ ಮನೆ ಆಂಟಿ ಹಿಡಿದರು. ಇಲ್ಲಿ ಕಟ್ಟಡದ ರಾಜಕೀಯ ಸ್ವಲ್ಪ ಹೇಳಬೇಕು. ಅದರಲ್ಲಿ ಎರಡು ಸಾಲು ಮನೆಗಳು, ಮುಂದಿನದು ಮತ್ತು ಹಿಂದಿನದು. ನೀರಿನ ಟ್ಯಾಂಕು ಮಾತ್ರ ಒಂದೇ. ತಾರಸಿಯ ಮೇಲಿನ ವಾಲ್ವನ್ನು ಒಂದು ಕಡೆ ತಿರುಗಿಸಿದರೆ ಮುಂದಿನ ಸಾಲಿಗೆ ನೀರು, ಇನ್ನೊಂದು ಕಡೆ ತಿರುಗಿಸಿದರೆ ಹಿಂದಿನ ಸಾಲಿಗೆ. ತಾರಸಿಯ ಕೀಲಿಕೈ ಯಾರ ಕೈಯಲ್ಲಿದ್ದರೆ ಅವರ ಸಾಲಿನವರು ಎರಡೆರಡು ಸಲ ಸ್ನಾನ ಮಾಡುತ್ತಿದ್ದರು, ಉಳಿದವರು ಬಕೆಟ್ಟು ಬಾರಿಸುತ್ತಿದ್ದರು. ಮುಂದಿನ ಸಾಲಿಗೆ ನಿವೃತ್ತ ಮೇಷ್ಟ್ರು ಮುಖಂಡರು. ಹಿಂದಿನ ಸಾಲಿಗೆ ಈ ಆಂಟಿ. ಆಯ್ತಪ್ಪನದು ಸಾಲುಗಳು ಕೂಡುವ ಮೂಲೆಯ ಮನೆ; ಅವನಿಗೆ ಯಾರ ಆಳ್ವಿಕೆಯಲ್ಲೂ ನೀರು ಸರಿಯಾಗಿ ಬರುತ್ತಿರಲಿಲ್ಲ. ಅಂದು ಸಂಜೆ ಈ ಜಗಳ ತೀರಿಸಲು ಮೀಟಿಂಗು.

"ಏನಪ್ಪಾ ಆಯ್ತಪ್ಪಾ, ಸಂಜೆ ನೀನು ನಮ್ಮ ಹಿಂದಿನ ಸಾಲಿನ ಕಡೆ ತಾನೇ?"

ಅವನ ನಾಲಿಗೆ ಆಗಲೇ 'ಆ' ಎಂದಾಗಿತ್ತು. ಹಲ್ಲು ಕಚ್ಚಿ ಹಿಡಿದ. "ಆ... ಆಂಟೀ, ಯೋಚಿಸಿ ಹೇಳ್ತೀನಿ."

ಆಂಟಿ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು. "ಏನಂದೆ?"

"ಯೋಚಿಸಿ ಹೇಳ್ತೀನಿ."

"ಮೈ ಹುಷಾರಾಗಿದೆ ತಾನೇ ನಿಂಗೆ?"

"ಯೋಚಿಸಿ ಹೇಳ್ತೀನಿ," ಎಂದು ಮೆಟ್ಟಿಲಿಳಿದು ಓಡಿದ. ಆಂಟಿ ಪೊರಕೆ ಮರೆತು ಅವನು ಹೋದ ದಾರಿಯನ್ನೇ ನೋಡುತ್ತ ನಿಂತರು.

ಗೇಟಿನ ಬಳಿ ಮೇಷ್ಟ್ರು ಬೆಳಗಿನ ವಾಕಿಂಗಿನಲ್ಲಿದ್ದರು. "ನೋಡೀಪ್ಪಾ, ಮೊನ್ನೆ ನಮ್ಮ ಸಾಲಿಗೂ ಆಯ್ತು ಅಂದ್ರಿ, ಆ ಸಾಲಿಗೂ ಆಯ್ತು ಅಂದ್ರಂತೆ. ಇರ್ಲಿ, ನಿಮ್ಮ ಮಾತನ್ನ ಯಾರೂ ತಲೆಗೆ ಹಾಕ್ಕೊಂಡಿಲ್ಲ. ಸಂಜೆ ಬಂದು ನಮ್ಮ ಕಡೆ ಕೈ ಎತ್ತಿ, ಸಾಕು."

"ಯೋಚಿಸಿ ಹೇಳ್ತೀನಿ ಸಾರ್."

ಮೇಷ್ಟ್ರ ನಡಿಗೆ ನಿಂತುಹೋಯಿತು. ಜೀವಮಾನವಿಡೀ ಮಕ್ಕಳಿಗೆ "ಯೋಚಿಸಿ ಹೇಳು" ಎಂದು ಕಿರುಚಿದವರು ಅವರು. ಯೋಚಿಸಿ ಹೇಳುತ್ತೇನೆ ಎಂದ ಒಬ್ಬನೂ ಸಿಕ್ಕಿರಲಿಲ್ಲ. "ಯೋಚಿಸಿ?" ಎಂದು ತಮಗೆ ತಾವೇ ಅಂದುಕೊಂಡರು. "ಭೇಷ್."

ಆಯ್ತಪ್ಪ ಕೆಲಸಕ್ಕಿದ್ದುದು ಕಿವಿ ಮಷೀನಿನ ಅಂಗಡಿಯಲ್ಲಿ. ಕಿವಿ ಮಂದವಾದವರು ಹಾಕಿಕೊಳ್ಳುವ ಕಡಲೆಕಾಳಿನಷ್ಟು ಮಷೀನುಗಳನ್ನು ಬಿಚ್ಚಿ, ಗುಗ್ಗೆ ತೆಗೆದು, ಕೂದಲೆಳೆಯಂಥ ತಂತಿ ಬೆಸೆದು, ಮತ್ತೆ ಮಾತಾಡಿಸುವುದು ಅವನ ಕೆಲಸ. ಭೂತಗನ್ನಡಿಯ ಕೆಳಗೆ ಅಂಥದೊಂದು ಬಿದ್ದಿತೆಂದರೆ ಅವನ ಚಂಚಲ ಮನಸ್ಸು ಅಲ್ಲೇ ಬೇರು ಬಿಡುತ್ತಿತ್ತು. ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. "ಊರೋರ ಕಿವಿಯೆಲ್ಲ ರಿಪೇರಿ ಮಾಡ್ತೀರಿ," ಎಂದು ಹೆಂಡತಿ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಮುಂದಿನದನ್ನು ಹೇಳಿ ಹೇಳಿ ಅವಳಿಗೂ ದಣಿವಾಗಿತ್ತು.

ಮಾಲೀಕರು ಬಂದವರೇ, "ಲೋ ಆಯ್ತಪ್ಪ, ನಾಳೆ ಭಾನುವಾರ ಕಿವಿ ಪರೀಕ್ಷೆ ಕ್ಯಾಂಪಿದೆ, ಬಂದ್ಬಿಡು," ಎಂದು ಅವನ ಉತ್ತರಕ್ಕೂ ಕಾಯದೆ ತಮ್ಮ ಕುರ್ಚಿಯತ್ತ ತಿರುಗಿದರು. ಇಷ್ಟು ವರ್ಷ ಕಾಯುವ ಅಗತ್ಯ ಬಿದ್ದಿರಲಿಲ್ಲ.

"ಯೋಚಿಸಿ ಹೇಳ್ತೀನಿ ಸಾರ್."

ಮಾಲೀಕರು ಕುರ್ಚಿಯ ತುದಿಯಲ್ಲಿ ಕೂತು ಬೀಳುವುದರಲ್ಲಿದ್ದರು. ಸ್ವಲ್ಪ ಹೊತ್ತಿಗೆ ತಾವೇ ಟೀ ಹಿಡಿದುಕೊಂಡು ಬಂದರು. "ಆ ಎದುರು ರಸ್ತೆ ಅಂಗಡಿಯೋರು ಕೆಲಸಕ್ಕೆ ಕರೆದ್ರೇನೋ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅಭ್ಯಾಸ ತಪ್ಪಿದರೆ ಹಳೆಯದು ಬಾಯಿಗೆ ಬಂದುಬಿಡುತ್ತದೆಂಬ ಭಯ. "ಯೋಚಿಸಿ ಹೇಳ್ತೀನಿ ಸಾರ್."

"ಯೋಚಿಸು, ಯೋಚಿಸು. ಕ್ಯಾಂಪು ಬಿಡು, ನಾನೇ ಹೋಗ್ತೀನಿ. ಕೂತಲ್ಲಿ ಸೆಖೆ ಆಗ್ತಿದ್ರೆ ಈ ಫ್ಯಾನು ನಿನ್ನ ಕಡೆ ತಿರುಗಿಸ್ಲಾ?"

ಆಯ್ತಪ್ಪ ತಬ್ಬಿಬ್ಬಾದ. ಅವನು ಬಾಯಿ ತೆರೆಯುವ ಮೊದಲೇ ಮಾಲೀಕರು ಫ್ಯಾನನ್ನು ಅವನ ಕಡೆ ತಿರುಗಿಸಿದ್ದರು.

ಮಧ್ಯಾಹ್ನ ಅಜ್ಜನೊಬ್ಬ ಬಂದ. ಅವನ ಮಷೀನು ಬೆಳಗ್ಗೆಯೇ ಸಿದ್ಧವಾಗಿತ್ತು. ಕಿವಿಗೆ ಹಾಕಿ, ಸ್ವಿಚ್ಚು ಒತ್ತಿದ್ದೂ ಆಯಿತು.

"ಆಯ್ತೇನಯ್ಯಾ?" ಎಂದ ಅಜ್ಜ, ರಸ್ತೆಗೆಲ್ಲ ಕೇಳುವ ಹಾಗೆ.

ಆಯ್ತಪ್ಪ ಇಕ್ಕಟ್ಟಿಗೆ ಸಿಕ್ಕಿದ. ಒಪ್ಪಿಕೊಂಡೆ ಅನ್ನುವುದಕ್ಕೂ ಅದೇ ಮಾತು, ಕೆಲಸ ಮುಗಿಯಿತು ಅನ್ನುವುದಕ್ಕೂ ಅದೇ ಮಾತು. ಯಾವ ಪುಣ್ಯಾತ್ಮ ಮಾಡಿದ ಏರ್ಪಾಡೋ! ಮುಗಿಯಿತು ಎಂಬ ಅರ್ಥದಲ್ಲಿ ಅಂದರೂ ಅಂದಂತೆಯೇ ಅಲ್ಲವೇ? ಹೆಂಡತಿಯನ್ನು ಕೇಳದೆ ಇದನ್ನು ತೀರ್ಮಾನಿಸುವುದು ಹೇಗೆ?

"ಯೋಚಿಸಿ ಹೇಳ್ತೀನಿ ತಾತ."

"ಏನು?"

"ಯೋಚಿಸಿ ಹೇಳ್ತೀನಿ!"

"ಮಷೀನು ಸರಿಯಾಗಿದೆಯೋ ಇಲ್ವೋ?"

"ಯೋಚಿಸಿ ಹೇಳ್ತೀನಿ!"

ಅಜ್ಜ ಮಷೀನು ಕಿತ್ತು ಕೈಯಲ್ಲಿ ಅಲ್ಲಾಡಿಸಿ ನೋಡಿ, ಮಾಲೀಕರತ್ತ ಚಾಚಿದ. "ಇದು ಕೆಟ್ಟಿದೆ ಕಣಯ್ಯಾ. ಏನು ಕೇಳಿದ್ರೂ ಒಂದೇ ಮಾತು ಕೇಳಿಸ್ತಾ ಇದೆ."

ಎಂದಿನ ದಿನವಾಗಿದ್ದರೆ ಮಾಲೀಕರು ಅಂಗಡಿ ಹಾರಿಹೋಗುವ ಹಾಗೆ ಬೈಯುತ್ತಿದ್ದರು. ಅಂದು ಅಜ್ಜನ ಕೈಹಿಡಿದು ಆ ಕಡೆ ಕರೆದುಕೊಂಡು ಹೋಗಿ, "ನಮ್ಮ ಹುಡುಗ ದುಡುಕಿ ಮಾತಾಡೋನಲ್ಲ ತಾತ," ಎಂದು ಸಮಾಧಾನ ಹೇಳಿದರು.

ಸಂಜೆಯ ಹೊತ್ತಿಗೆ ಆಯ್ತಪ್ಪ ಮೂಟೆ ಹೊತ್ತವನಂತೆ ದಣಿದಿದ್ದ. ಬಾಯಿಗೆ ಬಂದದ್ದನ್ನು ತಡೆಹಿಡಿಯುವುದು ಇಷ್ಟು ಆಯಾಸದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಉಳಿದವರೆಲ್ಲ ಇದನ್ನು ದಿನಾಲೂ ಮಾಡುತ್ತಾರೆಯೇ? ಮಾಡಿಯೂ ಮನೆಗೆ ಹೋಗಿ ಉಣ್ಣುತ್ತಾರೆಯೇ? ಅವನಿಗೆ ಜನರ ಮೇಲೆ ಗೌರವ ಬಂತು. ಈ ನಡುವೆ ಫೋನು ಜೇಬಿನಲ್ಲಿ ಒಂದೇ ಸಮನೆ ನಡುಗುತ್ತಿತ್ತು. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನಿಂದ ಒಂದೇ ಸುದ್ದಿ: ಆಯ್ತಪ್ಪ ಯೋಚಿಸುತ್ತಿದ್ದಾನಂತೆ. ಯಾವ ಸಾಲಿಗೂ ಸೊಪ್ಪು ಹಾಕಿಲ್ಲವಂತೆ. ಇಷ್ಟು ದಿನ ನಾವು ತಿಳಿದದ್ದು ಬೇರೆ, ಮನುಷ್ಯ ಆಳವಾಗಿದ್ದಾನೆ, ಎಂದು ಯಾರೋ ಬರೆದಿದ್ದರು. ಅದಕ್ಕೆ ಎರಡೂ ಸಾಲಿನವರು ಕೈಮುಗಿದ ಚಿತ್ರ ಹಾಕಿದ್ದರು. ಆಯ್ತಪ್ಪ ಅದ್ಯಾವುದನ್ನೂ ತೆರೆದು ನೋಡಲಿಲ್ಲ. ನೋಡಿದರೆ ಎಲ್ಲಿ ಬೆರಳು ಆಯ್ತು ಎಂದು ಒತ್ತಿಬಿಡುತ್ತದೋ ಎಂಬ ಹೆದರಿಕೆ.

ಕಾರು ನಿಲ್ಲಿಸುವ ಜಾಗದಲ್ಲಿ ಮೀಟಿಂಗು ನಡೆಯುತ್ತಿತ್ತು. ಅವನು ಗೋಡೆ ಸವರಿಕೊಂಡು ಮೆಟ್ಟಿಲು ಹತ್ತುವುದರಲ್ಲಿದ್ದ. "ಬಂದ್ರು, ಬಂದ್ರು!" ಎಂದು ಗದ್ದಲವೆದ್ದಿತು. ಯಾರೋ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಈ ಕಟ್ಟಡದಲ್ಲಿ ಅವನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಮೇಷ್ಟ್ರು ಎದ್ದು ನಿಂತು ದೀರ್ಘವಾಗಿ ಏನೋ ಶುರುಮಾಡಿದರು. ನಂಬಿಕೆ ಎಂಬ ಪದ ಕೇಳಿಸಿತು. ಅಷ್ಟರಲ್ಲಿ ಟ್ಯೂಬ್‌ಲೈಟಿನ ಪಕ್ಕದ ಜೇಡ ತನ್ನ ಬಲೆಯ ಒಂದು ಮೂಲೆಯನ್ನು ತಾನೇ ಕಿತ್ತು ಮತ್ತೆ ಕಟ್ಟುವುದು ಕಂಡಿತು. ಅದಕ್ಕೂ ಇವತ್ತೇ ರಿಪೇರಿ.

"...ಏನಂತೀರಿ?" ಎಂದರು ಮೇಷ್ಟ್ರು. ಎಲ್ಲರ ಮುಖವೂ ಅವನ ಕಡೆ ಇತ್ತು. ಎಲ್ಲವೂ ಅರಳಲು ಸಿದ್ಧವಾಗಿದ್ದ ಮುಖಗಳು. ಆಯ್ತಪ್ಪ ಅಂಥ ಮುಖಗಳ ಎದುರು ಜನ್ಮದಲ್ಲಿ ಗೆದ್ದವನಲ್ಲ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಯೋಚಿಸಿ ಹೇಳ್ತೀನಿ," ಎಂದು ಎದ್ದು, ಸೂಟ್‌ಕೇಸಿಗೆ ಬೀಗ ತರಬೇಕೆಂದು ಹೆಂಡತಿ ಹೇಳಿದ್ದು ಆ ಕ್ಷಣಕ್ಕೆ ದೇವರ ದಯೆಯಂತೆ ನೆನಪಾಗಿ, ಗೇಟು ದಾಟಿ ಓಡಿದ. ಹಿಂದೆ ಚಪ್ಪಾಳೆ ಕೇಳಿಸಿದಂತಾಯಿತು.

ಬೀಗ ತರಲು ಹೋದವನು ಟಾರ್ಚು ಕೊಂಡು ಅರ್ಧ ದಾರಿ ಬಂದು, ಮತ್ತೆ ಹೋಗಿ ಬೀಗ ಕೊಂಡ. ಇರಲಿ, ಅದೇನು ದೊಡ್ಡದಲ್ಲ. ದಿನ ಗೆದ್ದಿದ್ದ. ಮಾಲೀಕರು, ಮೇಷ್ಟ್ರು, ಆಂಟಿ, ಅಜ್ಜ, ಒಬ್ಬರಿಗೂ ಅಂದಿರಲಿಲ್ಲ. ನಾಳೆ ಈ ಹೊತ್ತಿಗೆ ಅವಳು ಸಮುದ್ರದ ಎದುರು ನಿಂತಿರುತ್ತಾಳೆ. ಆಗ ತಾನು ಸಮುದ್ರ ನೋಡಬಾರದು, ಅವಳ ಮುಖ ನೋಡಬೇಕು, ಬೇರೆಲ್ಲೂ ನೋಡಬಾರದು ಎಂದುಕೊಂಡ. ಮೆಟ್ಟಿಲು ಹತ್ತುವಾಗ ದಣಿವಿನಲ್ಲೂ ಒಂದು ಸಂತೋಷ ಕಾಲಿಗೆ ಬಂದಿತ್ತು.

ಬಾಗಿಲು ತೆರೆದೇ ಇತ್ತು. ಹೆಂಡತಿ ಸೂಟ್‌ಕೇಸಿನ ಪಕ್ಕ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಒಬ್ಬರಿಗೂ ಅಂದಿಲ್ಲ!" ಎಂದ ಗಾಬರಿಯಿಂದ. "ನಿನ್ನಾಣೆ. ಬೇಕಾದ್ರೆ ಎಲ್ಲರನ್ನೂ ಕೇಳು."

"ಗೊತ್ತು," ಎಂದಳು. "ಎಲ್ಲ ಇಲ್ಲಿಗೆ ಬಂದಿದ್ರು."

"ಎಲ್ಲ ಅಂದ್ರೆ?"

"ಎಲ್ಲ. ಎರಡು ಸಾಲಿನವರೂ. ಮೇಷ್ಟ್ರು ಹೇಳಿದ್ರು, ಈ ಕಟ್ಟಡದಲ್ಲಿ ನಂಬಬಹುದಾದ ಮನುಷ್ಯ ಅಂದ್ರೆ ನಿಮ್ಮ ಯಜಮಾನ್ರು ಒಬ್ಬರೇ ಅಂತ. ಆಂಟಿನೂ ಹೌದು ಅಂದ್ರು. ರೀ, ಮದುವೆ ಆದಾಗಿಂದ ಈ ಬಾಗಿಲಿಗೆ ಯಾರಾದ್ರೂ ಬಂದ್ರೆ ನಿಮ್ಮ ಮೇಲೆ ದೂರು ಹೇಳೋಕೇ ಬರ್ತಿದ್ರು. ನಾನು ಕ್ಷಮೆ ಕೇಳಿ ಕಳಿಸ್ತಿದ್ದೆ. ಇವತ್ತೂ ಬೆಲ್ಲು ಆದಾಗ, ಸರಿ, ಏನೋ ಮಾಡ್ಕೊಂಡಿದ್ದಾರೆ ಅಂತ ಕ್ಷಮೆ ಕೇಳೋಕೇ ಬಾಗಿಲು ತೆಗೆದೆ. ನೋಡಿದ್ರೆ ಹೊಗಳ್ತಾ ಇದ್ದಾರೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಅಳು ಬಂದ್ಬಿಡ್ತು. ಕಿವಿಯೆಲ್ಲ ಗುಂಯ್ ಅಂತು. ಮಧ್ಯದಲ್ಲಿ ಏನೋ ಕೇಳಿದ್ರು."

ಆಯ್ತಪ್ಪ ಕೈಯಲ್ಲಿದ್ದ ಬೀಗವನ್ನು ಮೇಜಿನ ಮೇಲಿಟ್ಟ. "ಏನು ಕೇಳಿದ್ರು?"

"ಸರಿಯಾಗಿ ಕೇಳಿಸ್ಲಿಲ್ಲ. ಎಲ್ಲ ನನ್ನ ಮುಖನೇ ನೋಡ್ತಾ ಇದ್ರು. ಅಷ್ಟು ಒಳ್ಳೇ ಮಾತಾಡೋರನ್ನ ಏನಂದ್ರಿ ಅಂತ ಇನ್ನೊಂದ್ಸಲ ಕೇಳೋಕೆ ನಾಚಿಕೆ ಅನ್ನಿಸ್ತು." ಅವಳು ತಲೆ ತಗ್ಗಿಸಿದಳು. "ಆಯ್ತು ಅಂದ್ಬಿಟ್ಟೆ."

ಆಯ್ತಪ್ಪ ನಿಂತಲ್ಲೇ ಕೂತ. ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಇಷ್ಟು ವರ್ಷ ತನಗೆ ಆಗುತ್ತಿದ್ದುದೇನೆಂದು ಅವಳಿಗೆ ವಿವರಿಸಲು ಹೋಗಿ ಸೋತಿದ್ದ. ಅವಳು ಒಂದೇ ಉಸಿರಿಗೆ ಅದನ್ನು ಪೂರ್ತಿ ಹೇಳಿ ಮುಗಿಸಿದ್ದಳು.

"ಒಂದು ಅಂತೇನೋ ಅಂದ್ರು," ಎಂದಳು ನೆನಪಿಸಿಕೊಳ್ಳುತ್ತ. "ಒಂದು ಗಂಟೆಯೋ, ಒಂದು ದಿನವೋ. ಸಣ್ಣ ಕೆಲಸನೇ ಇರ್ಬೇಕು."

ಬೆಲ್ಲಾಯಿತು. ಬಾಗಿಲಲ್ಲಿ ಮೇಷ್ಟ್ರು, ಕೈಯಲ್ಲಿ ತಾರಸಿಯ ಕೀಲಿಕೈ.

"ಒಂದು ವರ್ಷ," ಎಂದರು ಮೇಷ್ಟ್ರು ತುಂಬು ಹೃದಯದಿಂದ. "ಒಂದು ವರ್ಷ ವಾಲ್ವ್ ನಿಮ್ಮ ಕೈಯಲ್ಲಿ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ತಿರುಗಿಸಿದ್ರೆ ಆಯ್ತು. ನಾಳೆ ನಸುಕಿಂದಲೇ ಶುರು. ನಮಗೆ ಅವರ ಮೇಲೆ ನಂಬಿಕೆ ಇಲ್ಲ, ಅವರಿಗೆ ನಮ್ಮ ಮೇಲೆ ಇಲ್ಲ. ನಿಮ್ಮ ಮೇಲೆ ಇಬ್ಬರಿಗೂ ಇದೆ."

ಒಲೆಯ ಮೇಲಿಟ್ಟ ಹಾಲನ್ನು ಕೂಡ ಹೆಂಡತಿ ಅವನನ್ನು ನಂಬಿ ಬಿಡುತ್ತಿರಲಿಲ್ಲ. ಅವನು ಬಾಯಿ ತೆರೆದ. ಯೋಚಿಸಿ ಹೇಳ್ತೀನಿ ಅನ್ನುವುದು ಕಷ್ಟವೇನಲ್ಲ, ಬೆಳಗಿನಿಂದ ಅಷ್ಟು ಅಭ್ಯಾಸವಾಗಿದೆ. ಆದರೆ ಪಕ್ಕದಲ್ಲಿ ಹೆಂಡತಿ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ಈ ಬಾಗಿಲಲ್ಲಿ ಅವಳು ಹಾಗೆ ನಿಂತಿದ್ದನ್ನು ಅವನು ನೋಡಿರಲಿಲ್ಲ.

"ನಿಮ್ಮ ಮನೆಯವರು ಮಾತು ಕೊಟ್ಟಿದ್ದಾರೆ," ಎಂದರು ಮೇಷ್ಟ್ರು. "ಈ ಮನೇಲಿ ಮಾತು ಕೊಟ್ರೆ ಕೊಟ್ಟ ಹಾಗೆ ಅಂತ ನಾನೇ ಎಲ್ಲರಿಗೂ ಹೇಳಿದ್ದೀನಿ."

ಆಯ್ತಪ್ಪ ಕೀಲಿಕೈ ತೆಗೆದುಕೊಂಡ.

"ಮತ್ತೆ ಆ ಬಸ್ ಟಿಕೆಟ್ ಹಾಳಾಗುತ್ತೆ ಅಂತ ಯೋಚನೆ ಮಾಡ್ಬೇಡಿ," ಎಂದರು ಮೇಷ್ಟ್ರು ಮೆಟ್ಟಿಲಿಳಿಯುತ್ತ. "ನಿಮ್ಮ ಮನೆಯವರ ಜೊತೆ ನಿಮ್ಮ ಬದಲಿಗೆ ಪಕ್ಕದ ಮನೆ ಆಂಟಿ ಹೋಗ್ತಾರೆ. ಅದಕ್ಕೂ ಅವರು ಆಯ್ತು ಅಂದಿದ್ದಾರಲ್ಲ."

ಬಾಗಿಲು ಮುಚ್ಚಿದ ಮೇಲೆ ಅವನು ಹೆಂಡತಿಯ ಮುಖ ನೋಡಿದ. ಅವಳ ಬೆನ್ನು ಮತ್ತೆ ಬಾಗಿತ್ತು.

"ಅದನ್ನ ಯಾವಾಗ ಕೇಳಿದ್ರು?" ಎಂದಳು ಅವಳು ಕ್ಷೀಣವಾಗಿ. ಸೂಟ್‌ಕೇಸಿನ ಮೇಲೆಯೇ ಕುಸಿದು ಕೂತಳು. "ನಾನು ಮೊದಲನೇ ಸಲ ಸಮುದ್ರ ನೋಡೋದು... ಆಂಟಿ ಜೊತೆನಾ?"

ಅವನು ಹೋಗಿ ಪಕ್ಕದಲ್ಲಿ ಕೂತ. ಅವನ ಕೈಯಲ್ಲಿ ಕಟ್ಟಡದ ನೀರೆಲ್ಲ ಇತ್ತು. ಅವಳು ಅವನ ಹೆಗಲಿಗೆ ತಲೆಯಿಟ್ಟಳು.

ಗೋಡೆಯ ಆಚೆಯಿಂದ ಆಂಟಿಯ ಉತ್ಸಾಹದ ದನಿ ಬಂತು. "ಏನಮ್ಮಾ, ಕಿಟಕಿ ಪಕ್ಕದ ಸೀಟು ನನಗೇ! ಆಯ್ತಾ?"

"ಆಯ್ತು," ಎಂದರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ.